ಕಾದಂಬರಿಗೂ ಚಕ್ಕುಬಂದಿ ಬೇಕು

ಮಂಡ್ಯದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಆಸ್ತಿ ಪತ್ರ ಬರೆಯೋದು ನನ್ನ ಕಸುಬು. ರಾತ್ರಿ ಊಟ ಆದ ಮೇಲೆ ಕಾದಂಬರಿ. ಮೊದಲನೆಯದು ತೊಂಬತ್ತನೇ ಪುಟದಲ್ಲಿ ಮಕಾಡೆ ಮಲಗಿತು.

ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಿದ್ದಾರೆ, ತಂಗಿ 2006ರಲ್ಲಿ ಕೋರ್ಟಿಗೆ ಹೋಗಿ ಪಾಲು ಗೆಲ್ಲಬೇಕು. ಆದರೆ ಪಾಲುಪತ್ರ 2003ರಲ್ಲೇ ರಿಜಿಸ್ಟರ್ ಆಗಿದೆ ಅಂತ ಹನ್ನೆರಡನೇ ಪುಟದಲ್ಲಿ ನಾನೇ ಬರೆದಿದ್ದೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗವನ್ನು ಮುಟ್ಟಲ್ಲ. ಹಗಲೆಲ್ಲ ಜನಕ್ಕೆ ಇದನ್ನೇ ಹೇಳೋನು ರಾತ್ರಿ ಮರೆತಿದ್ದೆ!

ಅದಕ್ಕೇ ಈಗ ಮೊದಲು ವಂಶವೃಕ್ಷ. ಪಾತ್ರದ ಮೂಗು, ಬಣ್ಣ ಆಮೇಲೆ ನೋಡಿಕೊಳ್ಳಿ. ಹುಟ್ಟು, ಮದುವೆ, ಸಾವು ಇಸವಿ ಸಮೇತ ಬರೆಯಿರಿ, ಮುಖ್ಯವಾದದ್ದಕ್ಕೆ ತಿಂಗಳೂ ಇರಲಿ. ನನ್ನ ಕಥೆ ಎದ್ದು ಕೂತಿದ್ದು ಅಲ್ಲೇ. ಅದೇ ಕಾಯ್ದೆಗೆ ನಮ್ಮ ರಾಜ್ಯದ ತಿದ್ದುಪಡಿ 1994ರ ಜುಲೈ 30ಕ್ಕೇ ಜಾರಿಗೆ ಬಂತು, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಾಲು. ತಂಗಿಯ ಮದುವೆಯನ್ನು ಆ ವರ್ಷದ ಮೇ ತಿಂಗಳಲ್ಲಿ ಮಾಡಿಸಿದ್ದೆ, ಡಿಸೆಂಬರಿಗೆ ತಳ್ಳಿದೆ. ಮದುವೆ ಯಾಕೆ ಮುಂದಕ್ಕೆ ಹೋಯ್ತು? ಕಬ್ಬಿನ ದುಡ್ಡು ಬಂದಿದ್ದರೂ ಅಣ್ಣ ಮುಚ್ಚಿಟ್ಟ. ಅವನ ಜಿಪುಣತನವೇ ತಂಗಿಗೆ ಪಾಲು ಹುಟ್ಟಿಸಿತು. ಇಷ್ಟು ಸಿಕ್ಕಿದ ದಿನ ನಿದ್ದೆ ಬರಲಿಲ್ಲ.

ಇನ್ನು ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ನಾಲೆ ಅಂತ ಪತ್ರದಲ್ಲಿ ಬರೀತೀವಲ್ಲ, ಹಾಗೆ ಕಥೆ ಯಾವ ದಿನ ಶುರು, ಯಾವ ದಿನ ಮುಗಿಯುತ್ತೆ, ಯಾವ ಊರು ದಾಟಲ್ಲ ಅಂತ ಗೊತ್ತು ಮಾಡಿಕೊಳ್ಳಿ. ಒಂದೇ ಪುಟ ಸಾಕು.

ಸನ್ನಿವೇಶಗಳಿಗೆ ರದ್ದಾದ ಪತ್ರಗಳ ಹಿಂಬದಿ ಇಟ್ಟುಕೊಂಡಿದೀನಿ. ಒಂದು ಹಾಳೆಗೆ ಒಂದೇ ಸನ್ನಿವೇಶ. ಮೇಲೆ, ಯಾರಿಗೆ ಯಾರಿಂದ ಏನು ಬೇಕು. ಕೆಳಗೆ, ಕೊನೆಗೆ ಯಾರ ಕೈಯಿಂದ ಯಾರ ಕೈಗೆ ಏನು ಹೋಯ್ತು. ದುಡ್ಡೇ ಆಗಬೇಕಿಲ್ಲ, ಗುಟ್ಟೂ ಆದೀತು. ಏನೂ ಕೈ ಬದಲಾಗದ ಹಾಳೆ ಹರಿದು ಹಾಕಿ, ಎಷ್ಟೇ ಚೆಂದದ ಮಾತಿರಲಿ. ನಾನು ಹಾಗೆ ಹನ್ನೊಂದು ಹರಿದೆ. ಮನೆಯವಳು ಅದರಲ್ಲೇ ಒಲೆ ಹಚ್ಚಿದಳು.

ಉಳಿದ ಹಾಳೆಗಳಲ್ಲಿ ಒಂದು: ಗೌರಿ ಹಬ್ಬ. ತಂಗಿ ತವರಿಗೆ ಬಂದಿದ್ದಾಳೆ. ಅತ್ತಿಗೆ ಬಾಗಿನ ಕೊಡ್ತಾಳೆ. ಮೊರದೊಳಗೆ ಬಳೆ, ಬಿಚ್ಚೋಲೆಗಳ ಕೆಳಗೆ ನಾಲ್ಕು ಮಡಿಕೆಯ ಪಾಲುಪತ್ರದ ಜೆರಾಕ್ಸ್. ಅತ್ತಿಗೆ ಯಾಕೆ ಕೊಟ್ಟಳು ಅನ್ನೋದು ನನಗಿನ್ನೂ ಹೊಳೆದಿಲ್ಲ. ಆ ಹಾಳೆಯ ಮೇಲಿನ ಸಾಲು ಖಾಲಿ ಬಿಟ್ಟಿದೀನಿ.