ಅಕ್ಕಿ ಮೂಟೆಗಳ ನಡುವೆ ನಮ್ಮ ಪಾಡ್‌ಕಾಸ್ಟ್

ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಮಾಡಿದ ಮೊದಲ ಸಂದರ್ಶನ ಎರಡು ನಿಮಿಷವೂ ನಡೆಯಲಿಲ್ಲ. ಊರ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ತಾತನ ಮುಂದೆ ಮೊಬೈಲ್ ಹಿಡಿದು ಹುಡುಗಿಯೊಬ್ಬಳು ಶುರುಮಾಡಿದಳು.

"ತಾತ, ಕೆರೆ ನೀರು ನೀವೇ ಬಿಡೋದಾ?"

"ಹೂಂ ಕಣವ್ವ."

"ಕಷ್ಟ ಆಗುತ್ತಾ?"

"ಆಯ್ತದೆ."

ಹೀಗೇ ಹನ್ನೊಂದು ಪ್ರಶ್ನೆ, ಹನ್ನೊಂದು ಹೂಂ, ಕೊನೆಗೊಂದು ಧನ್ಯವಾದ. ತಾತ ಹೆಗಲ ಟವೆಲ್ ಸರಿಮಾಡಿಕೊಂಡು, ಇನ್ನೂ ಏನೋ ಕೇಳುತ್ತಾರೆ ಅಂತ ಕಾಯುತ್ತಲೇ ಕೂತಿದ್ದರು.

ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಬಾವಿ, ಕಾಲುವೆ, ಕೆರೆ ಎಂದು ನೀರಾವರಿಯ ಬಗೆಗಳನ್ನು ಮಕ್ಕಳು ಪ್ರತಿವರ್ಷ ಬಾಯಿಪಾಠ ಮಾಡಿ ಎರಡು ಅಂಕ ಗಳಿಸುತ್ತಾರೆ. ಅದೇ ಮಕ್ಕಳು ದಿನವೂ ಶಾಲೆಗೆ ಬರುವುದು ಕೆರೆ ಏರಿ ಮೇಲೆ. ಗದ್ದೆಗೆ ನೀರು ಬಿಡುವ ತೂಬು ಎಲ್ಲಿದೆ ಅಂದರೆ ಅರ್ಧ ತರಗತಿಗೆ ಗೊತ್ತಿರಲಿಲ್ಲ. ಕೆರೆ ತುಂಬಿದಾಗ ಹರಿಯುವ ಕೋಡಿ ಯಾಕೆ ಇರುತ್ತದೆ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಈ ಪಾಠವನ್ನು ನೀವೇ ಐದು ನಿಮಿಷದ ಪಾಡ್‌ಕಾಸ್ಟ್ ಮಾಡಿ ಅಂದೆ. ಒಂದೊಂದು ತಂಡದಲ್ಲಿ ಐದು ಜನ.

"ರೇಡಿಯೋ ಸ್ಟೇಷನ್ ಬೇಕಲ್ವಾ ಮಿಸ್?" ಎಂದು ಒಬ್ಬ ಕೇಳಿದ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದನ್ನೂ, ಆ ಕೇಂದ್ರವನ್ನು 'ಆಕಾಶವಾಣಿ' ಎಂದು ಕರೆದದ್ದನ್ನೂ ಹೇಳಿದೆ. ಅವರಿಗೆ ಮನೆ ಸಾಕಾಗಿತ್ತು, ನಮಗೆ ಒಂದು ಕೋಣೆಯಾದರೂ ಬೇಕಿತ್ತು. ತರಗತಿಯಲ್ಲಿ ಧ್ವನಿ ಗೋಡೆಗೆ ಬಡಿದು ಮೊಳಗುತ್ತಿತ್ತು. ಫ್ಯಾನ್ ಆರಿಸಿದರೆ ಬಿಸಿಯೂಟದ ಕುಕ್ಕರ್ ಕೂಗು. ನಾಲ್ಕು ಕಡೆ ಅಲೆದು ಕೊನೆಗೆ ಸಿಕ್ಕ ಜಾಗ ಬಿಸಿಯೂಟದ ದಾಸ್ತಾನು ಕೋಣೆ. ಸುತ್ತ ಅಕ್ಕಿ ಮೂಟೆ ಒಟ್ಟಿದ್ದರಿಂದ ಅಲ್ಲಿ ಪ್ರತಿಧ್ವನಿಯೇ ಇಲ್ಲ. ಸಾವಿರಾರು ರೂಪಾಯಿ ಕೊಟ್ಟರೂ ನಮಗೆ ಇಂಥ ಸ್ಟುಡಿಯೋ ಸಿಗುತ್ತಿರಲಿಲ್ಲ. ಅಡುಗೆಯ ಅಕ್ಕನ ಷರತ್ತು ಒಂದೇ: ಮೂಟೆ ಮೇಲೆ ಹತ್ತಬಾರದು.

ಉಪಕರಣ ಅಂದರೆ ನನ್ನ ಮೊಬೈಲು. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಪ, ಫ, ಭ ಬಂದಾಗೆಲ್ಲ ಉಸಿರು ಮೈಕಿಗೆ ಬಡಿದು 'ಡಬ್' ಅನ್ನುತ್ತದೆ. ಕರವಸ್ತ್ರ ಸುತ್ತಿದರೆ ಇನ್ನೂ ಒಳ್ಳೆಯದು. ಏರೋಪ್ಲೇನ್ ಮೋಡ್ ಹಾಕುವುದನ್ನು ನಾನು ಕಲಿತದ್ದು ಕಳೆದುಕೊಂಡ ಮೇಲೆ. ಒಂದು ತಂಡ ಚೆನ್ನಾಗಿ ಮಾತಾಡುತ್ತಿದ್ದಾಗ ನನಗೆ ಕರೆ ಬಂದು ರೆಕಾರ್ಡಿಂಗ್ ಅಲ್ಲಿಗೇ ನಿಂತಿತ್ತು. ಅದು ಅವರಿಗೆ ಗೊತ್ತಾದದ್ದು ಎಲ್ಲ ಮುಗಿದಮೇಲೆ!

ಹನ್ನೊಂದು ಹೂಂ ಆದ ಮಾರನೇ ದಿನ ಒಂದು ನಿಯಮ ಮಾಡಿದೆವು: ಹೂಂ ಅಥವಾ ಇಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆ ಕೇಳುವ ಹಾಗಿಲ್ಲ. ಹೇಗೆ, ಯಾಕೆ, ಆಮೇಲೇನಾಯ್ತು, ಈ ಮೂರೇ. ಒಂದು ಪೂರ್ತಿ ಪೀರಿಯಡ್ ಒಬ್ಬರನ್ನೊಬ್ಬರು ಕೇಳಿ ಅಭ್ಯಾಸ ಮಾಡಿದರು. ಎರಡನೇ ಸಲ ತಾತ 23 ನಿಮಿಷ ಮಾತಾಡಿದರು. ತೂಬು ಎತ್ತುವ ಬಗೆ, ಮಳೆ ಕೈಕೊಟ್ಟ ವರ್ಷ ಪಾಳಿ ಹಾಕಿ ಕೊನೇ ಗದ್ದೆಗೂ ನೀರು ಮುಟ್ಟಿಸುತ್ತಿದ್ದ ಲೆಕ್ಕ, ಸುಗ್ಗಿಯಲ್ಲಿ ಕೂಲಿಯಾಗಿ ಬರುತ್ತಿದ್ದ ಭತ್ತ, ಒಂದು ರಾತ್ರಿ ನೀರಿಗಾಗಿ ಇಬ್ಬರು ಗುದ್ದಲಿ ಎತ್ತಿಕೊಂಡು ನಿಂತದ್ದು. "ಅವರವರ ಗದ್ದೆಗೆ ಅವರವರೇ ಬಿಟ್ಕೋಬಾರದಾ?" ಅಂದಿದ್ದಕ್ಕೆ ತಾತ, "ಅವನ ಕಣ್ಣಿಗೆ ಅವನ ಗದ್ದೆ ಒಂದೇ ಅಲ್ವಾ ಕಾಣೋದು" ಅಂದರು.

ನಿಜವಾದ ಪಾಠ ನಡೆದದ್ದು ಎಡಿಟಿಂಗ್‌ನಲ್ಲಿ. ಶಾಲೆಯ ಕಂಪ್ಯೂಟರಿನಲ್ಲಿ ಉಚಿತ ತಂತ್ರಾಂಶ ಆಡಾಸಿಟಿ ಇದೆ. ಮಾತು ಅದರಲ್ಲಿ ಅಲೆಯಲೆಯಾಗಿ ಕಾಣುತ್ತದೆ, ಬೇಡದ್ದನ್ನು ಗುರುತು ಮಾಡಿ ಕತ್ತರಿಸಿದರಾಯಿತು. 23 ನಿಮಿಷವನ್ನು ಐದಕ್ಕೆ ಇಳಿಸಲು ನಾಲ್ಕು ದಿನ ಹಿಡಿಯಿತು. ಯಾವ ಮಾತು ಇಲ್ಲದಿದ್ದರೂ ವಿಷಯ ಅರ್ಥವಾಗುತ್ತದೆ, ಯಾವುದು ಇಲ್ಲದಿದ್ದರೆ ಆಗುವುದಿಲ್ಲ ಎಂದು ಜಗಳವಾಡುತ್ತಾ ಅದೇ ಸಂದರ್ಶನವನ್ನು ಹತ್ತಾರು ಸಲ ಕೇಳಿದರು. ಪುಸ್ತಕದ ಒಂದು ಪುಟವನ್ನು ಇಷ್ಟು ಸಲ ಓದಿ ಅಂದಿದ್ದರೆ ಯಾರು ಓದುತ್ತಿದ್ದರು? ತಮ್ಮ ದನಿ ತಾವೇ ಕೇಳಿದಾಗ ಇನ್ನೊಂದು ಬೆಳಕಿಗೆ ಬಂತು. "ಮಿಸ್, ನಾನು 'ಹಳ್ಳಿ'ನ 'ಅಳ್ಳಿ' ಅಂತೀನಾ?" ಎಂದು ಹುಡುಗನೊಬ್ಬ ಗಾಬರಿಯಾದ. ನಾನು ವರ್ಷಗಟ್ಟಲೆ ತಿದ್ದಿದರೂ ಆಗದ್ದನ್ನು ಅವನು ಮೂರು ಸಲ ರೆಕಾರ್ಡ್ ಮಾಡಿ ತಾನೇ ತಿದ್ದಿಕೊಂಡ. ನಿರೂಪಣೆಗೆ ಮಾತ್ರ ಈ ತಿದ್ದುಪಡಿ, ತಾತನ ಮಾತನ್ನು ಮುಟ್ಟಲು ನಾನು ಬಿಡಲಿಲ್ಲ. ಶಾಲೆ ನೋಡಲು ಬಂದ ಒಬ್ಬರು ಕೇಳಿ, ಶುದ್ಧ ಕನ್ನಡದಲ್ಲಿ ಮಾಡಿಸಬಹುದಿತ್ತು ಅಂದರು. ನನಗೆ ಅದಕ್ಕಿಂತ ಶುದ್ಧ ಕನ್ನಡ ಗೊತ್ತಿಲ್ಲ.

ಸಿನಿಮಾ ಹಾಡು ಹಿನ್ನೆಲೆಗೆ ಬೇಕೆಂದು ಹಟ ಹಿಡಿದರು. ಹಾಡು ಇನ್ನೊಬ್ಬರ ಸ್ವತ್ತು ಎಂದು ಬೇಡವೆಂದೆ. ಬದಲಿಗೆ ಕಾಲುವೆಯ ನೀರಿನ ಸದ್ದು ಹಿಡಿದು ತಂದರು. ಕಡತವನ್ನು ಒಂದೇ ಚಾನೆಲ್ಲಿನ ಮೋನೋದಲ್ಲಿ, ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 64 ಕೆಬಿಪಿಎಸ್‌ಗೆ ಇಳಿಸಿದರೆ ಐದು ನಿಮಿಷಕ್ಕೆ ಎರಡೂವರೆ ಎಂಬಿ ಒಳಗೇ ಬರುತ್ತದೆ, ಯಾರ ಡೇಟಾಕ್ಕೂ ಭಾರವಲ್ಲ. ಪಾಲಕರ ಒಪ್ಪಿಗೆ ಪಡೆದು, ಮಕ್ಕಳ ಹೆಸರು ಹಾಕದೆ ತರಗತಿಯ ವಾಟ್ಸಾಪ್ ಗುಂಪಿಗೆ ಮಾತ್ರ ಕಳಿಸಿದೆವು.

ಅರ್ಧ ಗಂಟೆಯಲ್ಲಿ ಒಬ್ಬ ಅಪ್ಪನ ಧ್ವನಿಸಂದೇಶ: "ನಲವತ್ತು ಎಕ್ರೆ ಇರೋದು ಅಚ್ಚುಕಟ್ಟು, ಕೆರೆಯಂಗಳ ಅಲ್ಲ." ಕೆರೆ ನೀರು ಹಾಯುವ ಗದ್ದೆಬಯಲು ಅಚ್ಚುಕಟ್ಟು, ನೀರು ನಿಲ್ಲುವ ಜಾಗ ಕೆರೆಯಂಗಳ. ಮಕ್ಕಳು ಎರಡನ್ನೂ ಒಂದು ಮಾಡಿದ್ದರು, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಪರೀಕ್ಷೆಯಲ್ಲಾಗಿದ್ದರೆ ಅರ್ಧ ಅಂಕ ಹೋಗುತ್ತಿತ್ತು, ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ಊರೇ ಕೇಳಿಬಿಟ್ಟಿತ್ತು. ಆಮೇಲಿಂದ ಪ್ರತಿ ಅಂಕಿಗೂ ಇಬ್ಬರನ್ನು ಕೇಳಿ ಬರತೊಡಗಿದರು.

ಶನಿವಾರ ಕಂತನ್ನು ತಾತನಿಗೆ ಕೇಳಿಸಲು ಹೋದೆವು. ಕಿವಿಗೆ ಮೊಬೈಲ್ ಒತ್ತಿಕೊಂಡು ಪೂರ್ತಿ ಕೇಳಿದರು. ಕೇಳಿ, "ಚೆಂದಾಗೈತೆ" ಅಂದರು. ಆಮೇಲೆ, "ಗುದ್ದಲಿ ಜಗಳ ಮಡಿಕ್ಕಂಡು, ಕೊನೇ ಗದ್ದೆ ಲೆಕ್ಕಾನೇ ಬುಟ್ಬುಟ್ಟಿದೀರಲ್ಲವ್ವ?"

ಯಾರೂ ಮಾತಾಡಲಿಲ್ಲ. ಎಡಿಟಿಂಗ್ ಹೊತ್ತಲ್ಲಿ ನಾನೂ ಸುಮ್ಮನಿದ್ದೆ, ನನಗೂ ಜಗಳವೇ ರುಚಿಸಿತ್ತು. ಮೊದಲ ದಿನ ಹನ್ನೊಂದು ಪ್ರಶ್ನೆ ಕೇಳಿದ್ದ ಹುಡುಗಿಯೇ ನನ್ನ ಕೈಯಿಂದ ಮೊಬೈಲ್ ಇಸಿದುಕೊಂಡು, ಏರೋಪ್ಲೇನ್ ಮೋಡ್ ಹಾಕಿ, ತಾತನ ಎದುರು ಕುಕ್ಕರಗಾಲಲ್ಲಿ ಕೂತಳು. "ಆ ಲೆಕ್ಕ ಹೆಂಗೆ ಅಂತ ಇನ್ನೊಂದ್ಸಲ ಹೇಳಿ ತಾತ."