ಅಂತಾರಾಷ್ಟ್ರೀಯ ವಾರಪತ್ರಿಕೆಗೆ ಚಂದಾದಾರರಾಗುವುದು ಹೇಗೆ?

ಜಗತ್ತಿನ ರಾಜಕೀಯ ಮತ್ತು ವಾಣಿಜ್ಯ ಸುದ್ದಿಗಳನ್ನು ಕೊಡುವ ವಾರಪತ್ರಿಕೆಯೊಂದಕ್ಕೆ ಚಂದಾದಾರರಾಗುವ ಕೆಲಸ ಈಗ ಕೆಲವೇ ನಿಮಿಷಗಳದ್ದು. ಆದರೆ ಆ ಚಂದಾ ಯಾವಾಗ, ಎಷ್ಟು ಹಣಕ್ಕೆ ನವೀಕರಣಗೊಳ್ಳುತ್ತದೆ, ಬೇಡವೆನಿಸಿದಾಗ ನಿಲ್ಲಿಸುವುದು ಹೇಗೆ ಎಂಬುದನ್ನು ಬಹಳ ಮಂದಿ ಹಣ ಕಡಿತವಾದ ಮೇಲಷ್ಟೇ ವಿಚಾರಿಸುತ್ತಾರೆ. ಕೊನೆಯಲ್ಲಿ ಕೇಳುವ ಈ ಪ್ರಶ್ನೆಗಳನ್ನು ಮೊದಲೇ ಕೇಳಿಕೊಂಡರೆ ಉಳಿದದ್ದೆಲ್ಲ ಸಲೀಸು.

ಆರಿಸಿಕೊಂಡ ಪತ್ರಿಕೆ ಈಗಲೂ ವಾರಕ್ಕೊಮ್ಮೆ ಬರುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಇದು ಅನಗತ್ಯ ಅನುಮಾನವೆನಿಸಬಹುದು, ಆದರೆ ಹೆಸರಾಂತ ವಾರಪತ್ರಿಕೆಗಳೇ ತಮ್ಮ ಕ್ರಮವನ್ನು ಬದಲಿಸಿಕೊಂಡಿವೆ. 1923ರಲ್ಲಿ ವಾರಪತ್ರಿಕೆಯಾಗಿ ಆರಂಭವಾದ ‘ಟೈಮ್’ ಈಗ ಪ್ರತಿ ವಾರ ಮುದ್ರಣವಾಗುವುದಿಲ್ಲ. ‘ನ್ಯೂಸ್‌ವೀಕ್’ 2012ರ ಕೊನೆಯಲ್ಲಿ ಮುದ್ರಣವನ್ನೇ ಕೈಬಿಟ್ಟು, 2014ರಲ್ಲಿ ಮತ್ತೆ ಆರಂಭಿಸಿತು. 1929ರಲ್ಲಿ ಹುಟ್ಟಿದ ‘ಬಿಸಿನೆಸ್‌ವೀಕ್’ 2009ರಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆಯ ಪಾಲಾಗಿ, 2024ರಲ್ಲಿ ಮಾಸಿಕವಾಯಿತು. ಹೆಸರಿನಲ್ಲಿರುವ ವಾರ ಮಾತ್ರ ಹಾಗೆಯೇ ಉಳಿದಿದೆ. 1843ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ವಿಲ್ಸನ್ ಆರಂಭಿಸಿದ ‘ದಿ ಇಕನಾಮಿಸ್ಟ್’ ಇಂದಿಗೂ ವಾರಪತ್ರಿಕೆಯೇ ಆಗಿದ್ದರೂ, ವರ್ಷಾಂತ್ಯದಲ್ಲಿ ಎರಡು ವಾರಗಳಿಗೆ ಸೇರಿಸಿ ಒಂದೇ ಜೋಡಿ ಸಂಚಿಕೆಯನ್ನು ತರುವ ರೂಢಿ ಅದಕ್ಕಿದೆ. ಹೀಗಾಗಿ ಒಂದು ವರ್ಷದ ಚಂದಾ ಎಂಬ ಮಾತಿಗಿಂತ, ಆ ಹಣಕ್ಕೆ ಎಷ್ಟು ಸಂಚಿಕೆಗಳು ಬರುತ್ತವೆ ಎಂಬ ಲೆಕ್ಕವೇ ಹೆಚ್ಚು ನಂಬಿಕೆಗೆ ಯೋಗ್ಯ.

ಮುಂದಿನ ಹೆಜ್ಜೆ, ಹಣ ಕೊಡುವ ಮೊದಲು ಮೂರು–ನಾಲ್ಕು ಬಿಡಿ ಸಂಚಿಕೆಗಳನ್ನು ಓದುವುದು. ಒಂದೇ ಸಂಚಿಕೆಯನ್ನು ನೋಡಿ ನಿರ್ಧರಿಸಿದರೆ ಆ ವಾರದ ಮುಖಪುಟ ಲೇಖನಕ್ಕೆ ಮರುಳಾಗುವ ಅಪಾಯವುಂಟು. ಪತ್ರಿಕೆಯ ನಿಲುವು ಯಾವುದು, ಸುದ್ದಿ ಎಲ್ಲಿ ಮುಗಿದು ಅಭಿಪ್ರಾಯ ಎಲ್ಲಿ ಆರಂಭವಾಗುತ್ತದೆ ಎಂಬುದು ನಿಧಾನವಾಗಿಯೇ ತಿಳಿಯುವಂಥದ್ದು. ಉದಾಹರಣೆಗೆ, ಬ್ರಿಟನ್ನಿನಲ್ಲಿ ಆಮದು ಧಾನ್ಯದ ಮೇಲಿದ್ದ ಸುಂಕವನ್ನು ವಿರೋಧಿಸಲೆಂದೇ ಹುಟ್ಟಿದ ‘ದಿ ಇಕನಾಮಿಸ್ಟ್’ ಇಂದಿಗೂ ಮುಕ್ತ ವ್ಯಾಪಾರದ ಪರವಾಗಿದೆ. ಅದರ ಬಹುಪಾಲು ಲೇಖನಗಳಲ್ಲಿ ಬರೆದವರ ಹೆಸರೂ ಇರುವುದಿಲ್ಲ. ಈ ರೀತಿ ಕೆಲವರಿಗೆ ಹಿಡಿಸುತ್ತದೆ, ಇನ್ನು ಕೆಲವರಿಗೆ ಕಿರಿಕಿರಿಯಾಗುತ್ತದೆ. ಬಿಡಿ ಸಂಚಿಕೆಗಳು ಸಿಗದಿದ್ದರೆ ಗ್ರಂಥಾಲಯದಲ್ಲಿ ವಿಚಾರಿಸಬಹುದು. ಲಿಬಿ, ಪ್ರೆಸ್‌ರೀಡರ್‌ನಂತಹ ಸೇವೆಗಳ ಮೂಲಕ ತಮ್ಮ ಸದಸ್ಯರಿಗೆ ನಿಯತಕಾಲಿಕೆಗಳನ್ನು ಉಚಿತವಾಗಿ ಒದಗಿಸುವ ಗ್ರಂಥಾಲಯಗಳಿವೆ. ಬೇಕಾದ ಪತ್ರಿಕೆ ಅಲ್ಲಿಯೇ ಸಿಕ್ಕಿತೆಂದರೆ ಈ ಲೇಖನದ ಉಳಿದ ಭಾಗವನ್ನು ಓದುವ ಅಗತ್ಯವೂ ಇಲ್ಲ.

ಮುದ್ರಿತ ಪ್ರತಿ ಬೇಕೋ, ಡಿಜಿಟಲ್ ಸಾಕೋ, ಎರಡೂ ಬೇಕೋ ಎಂಬುದು ಓದುವ ಅಭ್ಯಾಸವನ್ನು ಅವಲಂಬಿಸಿದ ಪ್ರಶ್ನೆ. ಮುದ್ರಣವಾಗುವ ಊರಿನಿಂದ ದೂರವಿರುವವರಿಗೆ ಪ್ರತಿ ತಲುಪುವಷ್ಟರಲ್ಲಿ ಮುಂದಿನ ಸಂಚಿಕೆಯೇ ಜಾಲತಾಣದಲ್ಲಿ ಬಂದಿರಬಹುದು. ದೀರ್ಘ ವರದಿಗಳು, ಪುಸ್ತಕ ವಿಮರ್ಶೆಗಳು ಅಷ್ಟರಲ್ಲಿ ಹಳಸುವುದಿಲ್ಲವಾದರೂ, ಮಾರುಕಟ್ಟೆ ಮತ್ತು ಬಡ್ಡಿದರಗಳ ಪುಟಗಳಿಗಾಗಿಯೇ ಪತ್ರಿಕೆ ತರಿಸುವವರಿಗೆ ಡಿಜಿಟಲ್ ಆವೃತ್ತಿಯೇ ಸೂಕ್ತ. ಇಡೀ ಸಂಚಿಕೆಯನ್ನು ಓದಿ ಕೇಳಿಸುವ ಧ್ವನಿ ಆವೃತ್ತಿಯೂ ಕೆಲವು ಪತ್ರಿಕೆಗಳಲ್ಲುಂಟು, ಪ್ರಯಾಣದಲ್ಲೇ ಹೆಚ್ಚು ಸಮಯ ಕಳೆಯುವವರಿಗೆ ಅದೊಂದು ದೊಡ್ಡ ಅನುಕೂಲ. ಮುದ್ರಿತ ಪ್ರತಿಯ ಚಂದಾ ಕೊಟ್ಟರೆ ಡಿಜಿಟಲ್ ತಾನಾಗಿಯೇ ಸಿಗುತ್ತದೆಂದು ಭಾವಿಸಬಾರದು. ಹಳೆಯ ಸಂಚಿಕೆಗಳ ಸಂಗ್ರಹ ಚಂದಾದೊಳಗೆ ಸೇರಿದೆಯೇ, ಚಂದಾ ಮುಗಿದ ಮೇಲೆ ಡೌನ್‌ಲೋಡ್ ಮಾಡಿಕೊಂಡ ಸಂಚಿಕೆಗಳು ತೆರೆಯುತ್ತವೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಇನ್ನು ಹಣದ ವಿಚಾರ. ಎಚ್ಚರಿಕೆ ಹೆಚ್ಚು ಬೇಕಾಗಿರುವುದು ಇಲ್ಲಿಯೇ. ಪಾವತಿ ಪುಟದ ಮೇಲ್ಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವುದು ಸಾಮಾನ್ಯವಾಗಿ ಹೊಸ ಚಂದಾದಾರರಿಗೆ ಕೊಡುವ ರಿಯಾಯಿತಿ ದರ. ಅದೇ ಪುಟದಲ್ಲಿ, ಪಾವತಿಯ ಬಟನ್‌ನ ಹತ್ತಿರ, ತಿಳಿಬೂದು ಬಣ್ಣದ ಸಣ್ಣ ಅಕ್ಷರಗಳ ಎರಡು–ಮೂರು ಸಾಲುಗಳಿರುತ್ತವೆ. ರಿಯಾಯಿತಿ ಅವಧಿ ಎಂದು ಮುಗಿಯುತ್ತದೆ, ಬಳಿಕ ಯಾವ ದರ ಅನ್ವಯಿಸುತ್ತದೆ, ನಿಲ್ಲಿಸಲು ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಆ ಸಾಲುಗಳಲ್ಲಿ ಅಡಗಿರುತ್ತದೆ. ನನ್ನ ಮಟ್ಟಿಗೆ ಆ ಎರಡನೆಯ ದರವೇ ಪತ್ರಿಕೆಯ ನಿಜವಾದ ಬೆಲೆ. ಅದನ್ನು ಸಂಚಿಕೆಗಳ ಸಂಖ್ಯೆಯಿಂದ ಭಾಗಿಸಿ, ಬಿಡಿ ಸಂಚಿಕೆಯ ಬೆಲೆಯೊಡನೆ ಹೋಲಿಸಿದ ಮೇಲೂ ಲಾಭವೆನಿಸಿದರೆ ಮಾತ್ರ ಮುಂದುವರಿಯಬೇಕು. ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಮುಂದೆ ತಕರಾರು ಬಂದಾಗ ಕೈಯಲ್ಲಿ ದಾಖಲೆ ಇರುತ್ತದೆ. ಚಂದಾ ವಿದೇಶಿ ಕರೆನ್ಸಿಯಲ್ಲಿದ್ದರೆ ಬ್ಯಾಂಕಿನ ವಿನಿಮಯ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಬೇಕು. ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಿಯಾಯಿತಿ ಕೊಡುವ ಪತ್ರಿಕೆಗಳಿವೆ, ಅದಕ್ಕೆ ಕಾಲೇಜಿನ ಇಮೇಲ್ ವಿಳಾಸ ಅಥವಾ ಗುರುತಿನ ಚೀಟಿ ಬೇಕಾಗುತ್ತದೆ.

ಚಂದಾವನ್ನು ಎಲ್ಲಿ ಕಟ್ಟುತ್ತೇವೆ ಎಂಬುದೂ ಮುಖ್ಯ. ಪತ್ರಿಕೆಯ ಸ್ವಂತ ಜಾಲತಾಣದಲ್ಲಿ ಕಟ್ಟಿದ್ದರೆ ಅಲ್ಲಿಯೇ, ಫೋನಿನ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ್ದರೆ ಆ ಸ್ಟೋರ್‌ನ ಖಾತೆಯಲ್ಲಿಯೇ ಅದನ್ನು ರದ್ದುಪಡಿಸಬೇಕಾಗುತ್ತದೆ. ಆ್ಯಪ್ ಅನ್ನು ಫೋನಿನಿಂದ ಅಳಿಸಿಬಿಟ್ಟ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಅರ್ಧ ಬೆಲೆಗೆ ಲಾಗಿನ್ ಮಾರುವವರ ಹತ್ತಿರ ಹೋಗದಿರುವುದೇ ಕ್ಷೇಮ. ಚಂದಾ ಮುಗಿಯುವ ಮೊದಲೇ ನವೀಕರಣಕ್ಕೆ ಹಣ ಕೇಳುವ ಪತ್ರ ಬಂದರೆ, ಅದನ್ನು ಕಳುಹಿಸಿದ್ದು ಪತ್ರಿಕೆಯೇ ಹೌದೇ ಎಂದು ತನ್ನ ಖಾತೆಯನ್ನು ತೆರೆದು ತಾಳೆ ನೋಡಬೇಕು.

ವಿಳಾಸವನ್ನು ಅಂಚೆಯವರಿಗೆ ಅರ್ಥವಾಗುವಂತೆ ಪೂರ್ತಿ ಬರೆದು, ಚಂದಾ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು. ಮುದ್ರಿತ ಪ್ರತಿ ಬರತೊಡಗಲು ಕೆಲವು ವಾರಗಳೇ ಹಿಡಿಯಬಹುದು. ಯಾವುದಾದರೂ ಸಂಚಿಕೆ ತಲುಪದಿದ್ದರೆ, ಅದರ ದಿನಾಂಕ ಮತ್ತು ಚಂದಾ ಸಂಖ್ಯೆ ಸಹಿತ ತಡಮಾಡದೆ ದೂರು ಕೊಡುವುದು ಲೇಸು, ಏಕೆಂದರೆ ತಿಂಗಳುಗಳು ಕಳೆದ ಮೇಲೆ ಕೇಳಿದರೆ ಆ ಪ್ರತಿಯಾಗಲಿ, ಬದಲಿಗೆ ಚಂದಾ ಅವಧಿಯ ವಿಸ್ತರಣೆಯಾಗಲಿ ಸಿಗುವುದು ಕಷ್ಟ.

ಹಣ ಕಟ್ಟಿದ ದಿನವೇ ಫೋನಿನ ಕ್ಯಾಲೆಂಡರ್‌ನಲ್ಲಿ ನವೀಕರಣದ ದಿನಾಂಕಕ್ಕಿಂತ ಎರಡು–ಮೂರು ವಾರ ಮುಂಚಿತವಾಗಿ ಜ್ಞಾಪನೆಯೊಂದನ್ನು ಹಾಕಿಡಬೇಕು. ಆ ದಿನ ಬಂದಾಗ, ಹಿಂದಿನ ತಿಂಗಳಲ್ಲಿ ಎಷ್ಟು ಸಂಚಿಕೆಗಳನ್ನು ನಿಜವಾಗಿ ಓದಿದ್ದೇವೆ ಎಂಬುದರ ಮೇಲೆ ತೀರ್ಮಾನಿಸಿದರಾಯಿತು. ರದ್ದುಪಡಿಸಲು ಹೊರಟವರಿಗೆ ಕಡಿಮೆ ದರದ ಆಸೆ ತೋರಿಸುವುದು ವಾಡಿಕೆ; ಪತ್ರಿಕೆ ಬೇಕೇ ಬೇಕೆನ್ನುವವರು ಅದನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಬಹುದು. ಬೇಡವೆಂದಾದರೆ ರದ್ದತಿಯನ್ನು ದೃಢಪಡಿಸುವ ಇಮೇಲ್ ಕೈಸೇರುವವರೆಗೆ ಬಿಡಬಾರದು, ಮತ್ತು ಅದರ ಮುಂದಿನ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅನ್ನೂ ಒಮ್ಮೆ ತೆರೆದು ನೋಡಬೇಕು.