ಗೌರವ ಹುದ್ದೆ, ಮುಚ್ಚಿಟ್ಟ ಷರತ್ತು

ಅಮೆರಿಕದ ಒಂದು ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯಲ್ಲಿ ನನ್ನ ಕೆಲಸ. 2018ರ ಆಗಸ್ಟ್‌ನಲ್ಲಿ, ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ ಆಗಿನ ನಿರ್ದೇಶಕ ಫ್ರಾನ್ಸಿಸ್ ಕಾಲಿನ್ಸ್ ಸಂಶೋಧನಾ ಸಂಸ್ಥೆಗಳಿಗೆ ಪತ್ರ ಬರೆದರು. ವಿದೇಶಗಳಿಂದ ಸಿಗುವ ಹಣ, ಸೌಲಭ್ಯಗಳನ್ನು ಕೆಲವರು ಹೇಳುತ್ತಿಲ್ಲ ಎಂಬ ಎಚ್ಚರಿಕೆ ಅದರಲ್ಲಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು.

ಶುರುವಿನಲ್ಲೇ ಎಡವಿದೆ. ಎಲ್ಲ ಪ್ರೊಫೆಸರುಗಳಿಗೂ ಖಾರವಾದ ಒಂದು ಇಮೇಲ್ ಕಳಿಸಿದೆ. ಒಬ್ಬರೂ ಉತ್ತರಿಸಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ, ಚೀನಾಕ್ಕಾಗಿ ಗುಟ್ಟು ಕದಿಯುವವರನ್ನು ಹಿಡಿಯಲು ‘ಚೈನಾ ಇನಿಶಿಯೇಟಿವ್’ ಎಂಬ ಕಾರ್ಯಕ್ರಮ ಆರಂಭಿಸಿತು. ಚೀನೀ ಹೆಸರಿನವರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು. ಅವರ ಭಯ ಸುಮ್ನೆ ಅಲ್ಲ. ಚೀನಾ ನಂಟು ಮುಚ್ಚಿಟ್ಟರೆಂದು ಎಂಐಟಿಯ ಪ್ರೊಫೆಸರ್ ಗ್ಯಾಂಗ್ ಚೆನ್ ಮೇಲೆ ಹಾಕಿದ್ದ ಕೇಸನ್ನು ಸರ್ಕಾರವೇ 2022ರ ಜನವರಿಯಲ್ಲಿ ಕೈಬಿಟ್ಟಿತು. ಇತ್ತ ಚೀನಾದ ವುಹಾನ್‌ನ ಒಂದು ವಿಶ್ವವಿದ್ಯಾಲಯದ ಜೊತೆಗಿನ ನಂಟಿನ ಬಗ್ಗೆ ಸುಳ್ಳು ಹೇಳಿ ತಪ್ಪಿತಸ್ಥರಾದದ್ದು ಹಾರ್ವರ್ಡ್‌ನ ಪ್ರೊಫೆಸರಾಗಿದ್ದ ಚಾರ್ಲ್ಸ್ ಲೀಬರ್. ಹೆಸರು ನೋಡಿ ಹುಡುಕಿದ್ದರೆ ಅವರು ಸಿಗುತ್ತಿದ್ದರೇ?

ಇಮೇಲ್ ಬಿಟ್ಟು ಲ್ಯಾಬ್‌ಗಳಿಗೇ ಹೋದೆ. ಯಾವ ಊರಿನವರಾದರೂ ಅದೇ ಪ್ರಶ್ನೆಗಳು. ಬೇರೆ ಎಲ್ಲಿಂದ ಹಣ ಬರುತ್ತದೆ? ಸಂಬಳವಿಲ್ಲದ್ದಾದರೂ ಸರಿ, ಬೇರೆ ಹುದ್ದೆ ಇದೆಯಾ? ಅಲ್ಲಿ ನಿಮ್ಮ ಹೆಸರಲ್ಲಿ ಲ್ಯಾಬ್, ವಿದ್ಯಾರ್ಥಿಗಳು? ಹೋಗುವ ಮೊದಲು ಅವರ ಇತ್ತೀಚಿನ ಪ್ರಬಂಧಗಳನ್ನು ತೆರೆದು, ಹೆಸರಿನ ಕೆಳಗೆ ಯಾವ ಸಂಸ್ಥೆಯ ವಿಳಾಸವಿದೆ ಎಂದು ನೋಡುತ್ತಿದ್ದೆ. ಫಾರ್ಮ್‌ಗಿಂತ ಜಾಸ್ತಿ ವಿಷಯ ತಿಳಿಯುತ್ತಿದ್ದದ್ದು ಅಲ್ಲೇ.

ಒಬ್ಬ ಹಿರಿಯ ಪ್ರೊಫೆಸರ್ ಪ್ರಬಂಧದಲ್ಲಿ ಹೀಗೇ ಎರಡನೇ ವಿಳಾಸ ಕಂಡಿತು. ‘ಅದು ಗೌರವಕ್ಕೆ ಕೊಟ್ಟದ್ದು, ಒಂದು ಪೈಸೆ ಬರುವುದಿಲ್ಲ’ ಎಂದರು. ಒಪ್ಪಂದ ಬೇರೆ ಭಾಷೆಯಲ್ಲಿತ್ತು. ಅನುವಾದ ಮಾಡಿಸಿದೆವು. ಅಲ್ಲೊಂದು ಲ್ಯಾಬ್ ಕಟ್ಟಬೇಕು, ಇಲ್ಲಿಂದ ವಿದ್ಯಾರ್ಥಿಗಳನ್ನು ಸೇರಿಸಬೇಕು, ತಾವಾಗಿ ಬಿಡುವಂತಿಲ್ಲ ಎಂದೆಲ್ಲ ಇತ್ತು. ಚಿಪ್ ತಯಾರಿಕೆ, ವಿಜ್ಞಾನಗಳಿಗೆಂದು ಅಮೆರಿಕ 2022ರಲ್ಲಿ ತಂದ ಚಿಪ್ಸ್ ಕಾಯ್ದೆ ಕೆಟ್ಟ ವಿದೇಶಿ ನೇಮಕಾತಿಯ ಗುರುತು ಎನ್ನುವುದು ಇಂಥವನ್ನೇ. ಆ ಮನುಷ್ಯ ಓದದೇ ಸಹಿ ಹಾಕಿದ್ದರು! ಹಣ ಕೊಡುವ ಸಂಸ್ಥೆಗೆ ನಾವೇ ಮೊದಲು ತಿಳಿಸಿದೆವು. ಹುದ್ದೆ ಬಿಡಿಸಲು ತಿಂಗಳುಗಟ್ಟಲೆ ಪತ್ರ ಬರೆದೆವು. ಅಲ್ಲಿನ ಗೆಳೆಯರ ಜೊತೆ ಪ್ರಬಂಧ ಬರೆಯುವುದನ್ನು ಮಾತ್ರ ನಿಲ್ಲಿಸಿ ಎನ್ನಲಿಲ್ಲ. ಅದರಲ್ಲಿ ತಪ್ಪೇನಿದೆ?

ಕಳೆದ ತಿಂಗಳು ಅವರೇ ಒಂದು ಆಹ್ವಾನ ಪತ್ರ ಹಿಡಿದು ಬಂದರು. ಎರಡು ದಿನದ ಉಪನ್ಯಾಸ, ವಿಮಾನದ ಟಿಕೆಟ್, ಅಷ್ಟೇ. ಹಿಂದುಮುಂದು ಎರಡು ಸಲ ಓದಿ, ‘ಹೋಗಿಬನ್ನಿ ಸರ್, ಟಿಕೆಟ್ ಯಾರು ಕೊಟ್ಟರು ಅಂತ ಫಾರ್ಮ್‌ನಲ್ಲಿ ಬರೆದುಬಿಡಿ’ ಎಂದೆ.